ಡಬ್ಬಿಯ ಡೂಪ್ಲಿಕೇಟುಗಳನ್ನು ಗೋಡೆಗೆ ಬಿಟ್ಟುಕೊಡಿ: ಅಂಚೆಚೀಟಿ ಸಂಗ್ರಾಹಕರಿಗೊಂದು ಬಹಿರಂಗ ಪತ್ರ

ಮಾನ್ಯ ಅಂಚೆಚೀಟಿ ಸಂಗ್ರಾಹಕರೇ,

ನಿಮ್ಮಲ್ಲಿ ಹೆಚ್ಚಿನವರ ಬಳಿ ಎರಡು ಸಂಗ್ರಹಗಳಿರುತ್ತವೆ. ಒಂದು ಆಲ್ಬಮ್ಮಿನಲ್ಲಿ, ಸ್ಟಾಕ್ ಬುಕ್ಕಿನಲ್ಲಿ, ದೇಶ, ವರ್ಷ, ವಿಷಯಗಳ ಪ್ರಕಾರ ಜೋಡಿಸಿಟ್ಟು, ಮನೆಗೆ ಬಂದವರಿಗೆ ತೋರಿಸುವಂಥದ್ದು. ಇನ್ನೊಂದು ಬಿಸ್ಕತ್ತಿನ ಡಬ್ಬಿಯಲ್ಲೋ, ಚಪ್ಪಲಿ ಪೆಟ್ಟಿಗೆಯಲ್ಲೋ, ಬೀರುವಿನ ಮೇಲಿನ ಪ್ಲಾಸ್ಟಿಕ್ ಚೀಲದಲ್ಲೋ ಬಿದ್ದಿರುವಂಥದ್ದು: ವಿನಿಮಯಕ್ಕೆ ಯಾರೂ ಒಪ್ಪದ, ಎಸೆಯಲು ನಿಮಗೇ ಮನಸ್ಸು ಬಾರದ ಡೂಪ್ಲಿಕೇಟುಗಳು. ಆಲ್ಬಮ್ಮನ್ನು ಹೇಗೆ ಕಾಪಾಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಪತ್ರ ಆ ಡಬ್ಬಿಯ ಕುರಿತು. ಕೋರಿಕೆ ಇಷ್ಟೇ: ಅದನ್ನು ಕೊಲಾಜ್ ಮತ್ತು ಮೊಸಾಯಿಕ್ ಮಾಡುವ ಕಲಾವಿದರಿಗೆ, ಶಾಲೆಗಳ ಚಿತ್ರಕಲಾ ಶಿಕ್ಷಕರಿಗೆ ಬಿಟ್ಟುಕೊಡಿ. ಕೊಡುವಾಗ ಚೀಟಿಗಳ ಜೊತೆಗೆ ಅವುಗಳ ಬಗ್ಗೆ ನಿಮಗಿರುವ ತಿಳಿವಳಿಕೆಯನ್ನೂ ಕೊಡಿ. ನಿಮ್ಮ ವಲಯದಲ್ಲಿ ಈ ಕಲೆಯ ಹೆಸರೆತ್ತಿದರೆ ಮೂಗು ಮುರಿಯುವವರು ಕಡಿಮೆಯಿಲ್ಲ. ಚೀಟಿಗೆ ಅಂಟು ಬಳಿಯುವುದು, ಕತ್ತರಿ ಹಾಕುವುದು ಚಿಮುಟವಿಲ್ಲದೆ ಚೀಟಿ ಮುಟ್ಟದ ಸಂಗ್ರಾಹಕರಿಗೆ ಸಹಿಸಲಾಗದ ಕೆಲಸ. ಅವರ ಆಕ್ಷೇಪಗಳಲ್ಲಿ ಹುರುಳಿದೆ. ಆದ್ದರಿಂದಲೇ ಅವನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳಬೇಕಾಗಿದೆ.

ಮೊದಲು ಡಬ್ಬಿಯಲ್ಲಿರುವ ಚೀಟಿಯ ಬೆಲೆಯ ಮಾತು. ಅಂಚೆಚೀಟಿ ಸಂಗ್ರಹದ ಇಡೀ ಲೆಕ್ಕಾಚಾರ ನಿಂತಿರುವುದು ವಿರಳತೆಯ ಮೇಲೆ. ಒಂದು ಚೀಟಿ ಎಷ್ಟು ಕಡಿಮೆ ಉಳಿದಿದೆಯೋ ಅಷ್ಟು ಅದರ ಬೆಲೆ. ಕೋಟಿಗಟ್ಟಲೆ ಅಚ್ಚಾಗಿ ಕೋಟಿಗಟ್ಟಲೆ ಬಳಕೆಯಾದ ಚೀಟಿಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಕ್ಯಾಟಲಾಗಿನಲ್ಲಿ ಅಂಥ ಚೀಟಿಯ ಎದುರು ಅಚ್ಚಾಗಿರುವ ಕನಿಷ್ಠ ಬೆಲೆ ನಿಜಕ್ಕೂ ಚೀಟಿಯ ಬೆಲೆಯಲ್ಲ. ಅದನ್ನು ಹುಡುಕಿ, ವಿಂಗಡಿಸಿ, ಕೈಗೆ ಕೊಡುವ ವ್ಯಾಪಾರಿಯ ಶ್ರಮದ ಕೂಲಿ ಅದು ಎಂಬುದು ನಿಮಗೆ ಗೊತ್ತು. ಅದೇ ಚೀಟಿಗಳನ್ನು ನೀವು ಮಾರಲು ಹೋದರೆ ಆ ಕನಿಷ್ಠ ಬೆಲೆಯೂ ಸಿಗುವುದಿಲ್ಲ. ಲಕೋಟೆಯಿಂದ ಕತ್ತರಿಸಿದ ಕಾಗದದ ಸಮೇತ ತೂಕಕ್ಕೆ ಹಾಕಿ ಮಾರುವ ಪದ್ಧತಿಯೇ ಬೇರೆ ಇದೆ. ವ್ಯಾಪಾರದಲ್ಲಿ ಅದಕ್ಕೆ ಕಿಲೋವೇರ್ ಎಂದೇ ಹೆಸರು. ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಿ 1926ರಿಂದ ಅಚ್ಚಾಗುತ್ತ ಬಂದ ದಿನಬಳಕೆಯ ಚೀಟಿಗಳಲ್ಲಿ ಬಹುಪಾಲಿನ ಗತಿ ಇದೇ. ಒಂದು ಚೀಟಿಯ ಒಂದು ಪ್ರತಿ ಆಲ್ಬಮ್ಮಿಗೆ ಬೇಕು, ವಿನಿಮಯಕ್ಕೆಂದು ನಾಲ್ಕಾರು ಬೇಕು. ಐನೂರನೆಯ ಪ್ರತಿಯಿಂದ ಸಂಗ್ರಾಹಕನಿಗೆ ಆಗಬೇಕಾದದ್ದು ಏನೂ ಇಲ್ಲ. ಅಲ್ಲಿಂದ ಮುಂದೆ ಸಂಖ್ಯೆ ಹೊರೆಯೇ.

ಮೊಸಾಯಿಕ್ ಮಾಡುವವನ ಲೆಕ್ಕ ಇದಕ್ಕೆ ತದ್ವಿರುದ್ಧ. ಅವನಿಗೆ ವಿರಳ ಚೀಟಿಯಿಂದ ಉಪಯೋಗವಿಲ್ಲ. ಒಂದೇ ಬಣ್ಣದ ಐನೂರು ಚೀಟಿ ಒಟ್ಟಿಗೆ ಸಿಕ್ಕರೆ ಅದೇ ಅವನ ಬಂಡವಾಳ. ಚೀಟಿಯೊಂದು ಸರಾಸರಿ 2 ಸೆಂ.ಮೀ. ಅಗಲ, 2.5 ಸೆಂ.ಮೀ. ಉದ್ದ ಎಂದಿಟ್ಟುಕೊಂಡರೆ, ಒಂದರ ಮೇಲೊಂದು ಏರದಂತೆ ಅಂಟಿಸಿದರೂ ಒಂದು ಮೀಟರ್ ಉದ್ದಗಲದ ಹಲಗೆಗೆ 2,000 ಚೀಟಿ ಬೇಕು. ಅಂಚಿನ ಬಿಳಿ ಹಲ್ಲುಗಳು ಕಾಣದಂತೆ ಒಂದರ ಮೇಲೊಂದು ಹೊದಿಸುತ್ತ ಹೋದರೆ ಅದರ ಇಮ್ಮಡಿಯೂ ಸಾಲದು. 1965ರಲ್ಲಿ ಶುರುವಾದ ನಮ್ಮ ದಿನಬಳಕೆಯ ಸರಣಿಯನ್ನೇ ನೋಡಿ. 2 ಪೈಸೆಯ ಬಿದರಿ ಹೂದಾನಿ ಕೆಂಗಂದು, 4 ಪೈಸೆಯ ಕಾಫಿ ಹಣ್ಣು ಇನ್ನೊಂದು ಬಗೆಯ ಕಂದು, 5 ಪೈಸೆಯ ಕುಟುಂಬ ಯೋಜನೆಯ ಚೀಟಿ ಗುಲಾಬಿಗೆಂಪು, 10 ಪೈಸೆಯ ರೈಲು ಎಂಜಿನ್ ನೀಲಿ, 15 ಪೈಸೆಯ ಚಹಾ ಎಲೆ ಕೀಳುವ ಹೆಂಗಸು ಕಡುಹಸಿರು, 20 ಪೈಸೆಯ ನ್ಯಾಟ್ ಯುದ್ಧವಿಮಾನ ನೇರಳೆ. ಬಣ್ಣದ ಪೆಟ್ಟಿಗೆ ಇದರಲ್ಲೇ ಮುಕ್ಕಾಲು ಸಿದ್ಧವಾಯಿತು. ಉಳಿದದ್ದನ್ನು ಅಂಚೆ ಕಚೇರಿಯ ಮೊಹರು ಒದಗಿಸುತ್ತದೆ. ನೀವು ನೀಲಿ ಎಂಜಿನ್ ಚೀಟಿಯೊಂದನ್ನು ಆರಿಸುವಾಗ ಮೊಹರು ಹಗುರವಾಗಿ ಮೂಲೆಗೆ ಬಿದ್ದಿರುವುದನ್ನು ಇಟ್ಟುಕೊಂಡು, ಮಸಿ ಮೆತ್ತಿಕೊಂಡದ್ದನ್ನು ಡಬ್ಬಿಗೆ ಹಾಕುತ್ತೀರಿ. ಮೊಸಾಯಿಕ್‌ನಲ್ಲಿ ಇವೆರಡೂ ಬೇರೆ ಬೇರೆ ಬಣ್ಣಗಳು. ಹಗುರ ಮೊಹರಿನದು ತಿಳಿನೀಲಿ, ದಟ್ಟ ಮೊಹರಿನದು ಕಡುನೀಲಿ. ಒಂದರ ಪಕ್ಕ ಒಂದನ್ನು ಇಳಿಸುತ್ತ ಹೋದರೆ ಮುಖದ ಕೆನ್ನೆಗೂ ಕತ್ತಿನ ನೆರಳಿಗೂ ನಡುವಿನ ತಿರುವು ಮೂಡುತ್ತದೆ. ಕುಂಚ ಮಾಡುವ ಕೆಲಸವನ್ನು ಇಲ್ಲಿ ಗುಮಾಸ್ತನ ಠಸ್ಸೆ ಮಾಡಿದೆ. ನಿಮ್ಮ ಲೆಕ್ಕದಲ್ಲಿ ಅತ್ಯಂತ ಕೆಟ್ಟ ಪ್ರತಿಯೇ ಈ ಕೆಲಸಕ್ಕೆ ಅತ್ಯಂತ ಬೇಕಾದ ಪ್ರತಿ. ಸಂಗ್ರಾಹಕನಿಗೂ ಕಲಾವಿದನಿಗೂ ಒಂದೇ ಚೀಟಿಗಾಗಿ ಜಗಳವಾಗುವ ಸಂಭವವೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಈ ಕಲೆ ಬೇಸಿಗೆ ಶಿಬಿರದವರು ಮೊನ್ನೆ ಮೊನ್ನೆ ಕಂಡುಹಿಡಿದ ಕಾಲಹರಣವೆಂದು ಭಾವಿಸುವವರು ಚರಿತ್ರೆ ನೋಡಬೇಕು. ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1840ರ ಮೇ 6ರಂದು. ಮರುವರ್ಷವೇ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ ತರುಣಿಯೊಬ್ಬಳ ಜಾಹೀರಾತು ಬಂತು. ತನ್ನ ಅಲಂಕಾರದ ಕೋಣೆಯ ಗೋಡೆಗಳಿಗೆ ಹಚ್ಚಲು ಮೊಹರು ಬಿದ್ದ ಚೀಟಿಗಳು ಬೇಕು, ಈಗಾಗಲೇ 16,000 ಕೂಡಿಸಿದ್ದೇನೆ, ಇದ್ದವರು ಕಳಿಸಿಕೊಡಿ ಎಂಬುದು ಅದರ ಸಾರಾಂಶ. ಪೆನ್ನಿ ಚೀಟಿ ಸುಮಾರು 19 ಮಿ.ಮೀ. ಅಗಲ, 22 ಮಿ.ಮೀ. ಎತ್ತರದ್ದು. ಆ ಲೆಕ್ಕದಲ್ಲಿ 16,000 ಚೀಟಿ ಮುಚ್ಚುವುದು ಆರೂಮುಕ್ಕಾಲು ಚದರ ಮೀಟರಿಗೂ ಕಡಿಮೆ ಜಾಗವನ್ನು. ಕೋಣೆಯ ಒಂದು ಗೋಡೆಗೂ ಅದು ಸಾಲದೇ ಇರಬಹುದು. ಇನ್ನಷ್ಟು ಚೀಟಿಗಾಗಿ ಆಕೆ ಜಾಹೀರಾತು ಕೊಟ್ಟದ್ದು ಅದಕ್ಕೇ. ಈ ಹುಚ್ಚನ್ನು ಗೇಲಿ ಮಾಡಿ 'ಪಂಚ್' ಪತ್ರಿಕೆ 1842ರಲ್ಲಿ ಬರೆಯಿತು. ಹೆಸರಾಂತ ವ್ಯಾಪಾರಿ ಸ್ಟಾನ್ಲಿ ಗಿಬ್ಬನ್ಸ್ ಪ್ಲಿಮತ್‌ನಲ್ಲಿ ಚೀಟಿ ವ್ಯಾಪಾರ ಶುರುಮಾಡಿದ್ದು ಇದೆಲ್ಲ ಆದ ಮೇಲೆ, 1856ರಲ್ಲಿ. ಕ್ಯಾಟಲಾಗು, ಕ್ಲಬ್ಬು, ಹಿಂಜ್ ಯಾವುದೂ ಹುಟ್ಟುವ ಮೊದಲೇ ಚೀಟಿ ಗೋಡೆ ಏರಿತ್ತು ಎಂದಾಯಿತು. ಬಳಸಿದ ಚೀಟಿಯನ್ನು ಜನ ಕೂಡಿಹಾಕಲು ತೊಡಗಿದ ಆದಿಯಲ್ಲಿಯೇ ಅದರ ರಾಶಿಯನ್ನು ಒಂದು ವಿನ್ಯಾಸವಾಗಿ ಕಂಡವರಿದ್ದರು. ಹಾಗಿರುವಾಗ ಈ ಕಲೆ ಸಂಗ್ರಹದ ಶತ್ರು ಎನ್ನುವುದು ಹೇಗೆ? ಅದು ಸಂಗ್ರಹದ ಹಿರಿಯ ದಾಯಾದಿ.

ಸಂಖ್ಯೆಯೇ ಅರ್ಥವಾಗಿಬಿಡುವುದಕ್ಕೆ ನಮ್ಮ ಕಾಲದ್ದೇ ಒಂದು ದೊಡ್ಡ ಉದಾಹರಣೆಯಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಕ್ಸ್‌ಬರೋ ಎಂಬಲ್ಲಿನ ಚಾರ್ಟರ್ ಶಾಲೆಯೊಂದು 2009ರಲ್ಲಿ ಹಾಲೊಕಾಸ್ಟ್ ಸ್ಟಾಂಪ್ಸ್ ಪ್ರಾಜೆಕ್ಟ್ ಆರಂಭಿಸಿತು. ನಾಜಿಗಳ ಕೈಯಲ್ಲಿ ಸತ್ತ 60 ಲಕ್ಷ ಯಹೂದಿಗಳು ಮತ್ತು ಇತರ 50 ಲಕ್ಷ ಜನ, ಒಬ್ಬೊಬ್ಬರಿಗೆ ಒಂದೊಂದರಂತೆ 1 ಕೋಟಿ 10 ಲಕ್ಷ ಬಳಸಿದ ಅಂಚೆಚೀಟಿ ಕೂಡಿಸುವುದು ಗುರಿ. ಆ ಶಾಲೆಯ ಹೊರಗಿನಿಂದ, ದೇಶದ ಹೊರಗಿನಿಂದಲೂ ಚೀಟಿಗಳು ಹರಿದುಬಂದವು. 2017ರಲ್ಲಿ ಗುರಿ ಮುಟ್ಟಿತು. ಆ ಚೀಟಿಗಳಲ್ಲಿ ಒಂದಷ್ಟನ್ನು ಬಳಸಿ ವಿದ್ಯಾರ್ಥಿಗಳು 18 ಕೊಲಾಜ್ ಮಾಡಿದರು. ಹೀಬ್ರೂ ಲೆಕ್ಕದಲ್ಲಿ 18 ಬದುಕನ್ನು ಸೂಚಿಸುವ ಸಂಖ್ಯೆ. ಇಂದು ಆ ಕೃತಿಗಳು ಪೆನ್ಸಿಲ್ವೇನಿಯಾದ ಬೆಲ್‌ಫಾಂಟ್‌ನಲ್ಲಿ, ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯ ಕೇಂದ್ರದಲ್ಲಿವೆ. ಆ ದೇಶದ ಅಂಚೆಚೀಟಿ ಸಂಗ್ರಾಹಕರ ದೊಡ್ಡ ಸಂಸ್ಥೆಯೇ ಅವನ್ನು ತನ್ನ ಮನೆಗೆ ಬರಮಾಡಿಕೊಂಡಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಇಲ್ಲಿ ವಿರಳ ಚೀಟಿಯೊಂದು ಇದ್ದಿದ್ದರೂ ಅದರಿಂದ ಆಗುತ್ತಿದ್ದುದು ಏನೂ ಇರಲಿಲ್ಲ. ಬಳಸಿ ಬಿಸಾಡಿದ, ಯಾರಿಗೂ ಬೇಡದ ಚೀಟಿಯಾಗಿರುವುದರಿಂದಲೇ ಅದು ಬೇಡವೆಂದು ಅಳಿಸಿಹಾಕಿದ ಜೀವವೊಂದರ ಪ್ರತೀಕವಾಗಿ ನಿಲ್ಲಬಲ್ಲದು. ಎಣಿಸುವ ಕೆಲಸವೂ ಆ ಕೃತಿಯ ಭಾಗವೇ ಆಯಿತು. ಕೋಟಿ ಎಂಬ ಸಂಖ್ಯೆಯನ್ನು ಪಾಠದಲ್ಲಿ ಓದುವುದಕ್ಕೂ ವರ್ಷಗಟ್ಟಲೆ ಒಂದೊಂದಾಗಿ ಎಣಿಸುವುದಕ್ಕೂ ಇರುವ ಅಂತರವನ್ನು ಆ ಮಕ್ಕಳು ಅರಿತರು.

ಈಗ ಆಕ್ಷೇಪಗಳು. ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ಇಂದು ಕಸವೆನಿಸಿದ್ದು ನಾಳೆ ನಿಧಿಯಾಗಬಹುದು. ಆ ಲಂಡನ್ ತರುಣಿಯ ಗೋಡೆಯ ಮೇಲಿದ್ದ ಒಂದೊಂದು ಚೀಟಿಗೂ ಇಂದು ಬೆಲೆಯಿದೆಯಲ್ಲ? ಬ್ರಿಟಿಷ್ ಗಯಾನಾದ 1856ರ 1 ಸೆಂಟ್ ಚೀಟಿ 1873ರಲ್ಲಿ ಬಾಲಕನೊಬ್ಬನಿಗೆ ಮನೆಯ ಹಳೆಯ ಪತ್ರಗಳ ನಡುವೆ ಸಿಕ್ಕಿ, ಕೆಲವೇ ಷಿಲ್ಲಿಂಗಿಗೆ ಕೈಬದಲಾಗಿ, 2014ರ ಹರಾಜಿನಲ್ಲಿ 94 ಲಕ್ಷ ಡಾಲರು ಮೀರಿದ್ದನ್ನು ನೀವೆಲ್ಲ ಬಾಯಿಪಾಠ ಹೇಳಬಲ್ಲಿರಿ. ಆದರೆ ಈ ನಿದರ್ಶನಗಳು ಹೇಳುವುದೇನು? ಗಯಾನಾದ ಚೀಟಿ ಹುಟ್ಟುವಾಗಲೇ ಅಲ್ಪಸಂಖ್ಯೆಯದು. ಇಂಗ್ಲೆಂಡಿನಿಂದ ಚೀಟಿ ಬರುವುದು ತಡವಾದಾಗ ಸ್ಥಳೀಯವಾಗಿ ಮುದ್ರಿಸಿಕೊಂಡದ್ದು. ಪೆನ್ನಿ ಬ್ಲ್ಯಾಕ್ ಸುಮಾರು 6.8 ಕೋಟಿ ಅಚ್ಚಾದರೂ ಅದು ಮೊದಲನೆಯದೆಂಬ ಕಾರಣಕ್ಕೆ ಎಲ್ಲರಿಗೂ ಬೇಕು. ಆ ಕಾಲದಲ್ಲಿ ಚೀಟಿಯನ್ನು ಕಾದಿಡುವ ಅಭ್ಯಾಸ ಹೆಚ್ಚಿನ ಜನರಿಗಿನ್ನೂ ಬಂದಿರಲಿಲ್ಲ ಎಂಬುದೂ ಮುಖ್ಯ. ನಮ್ಮ ದಿನಬಳಕೆಯ ಚೀಟಿಗಳ ಕಥೆ ಹಾಗಲ್ಲ. ಅವು ಅಚ್ಚಾಗುವ ಹೊತ್ತಿಗೆ ಊರೂರಿನಲ್ಲಿ ಸಂಗ್ರಾಹಕರಿದ್ದರು, ಪ್ರತಿಯೊಬ್ಬರೂ ನಾಳೆ ಬೆಲೆ ಬಂದೀತೆಂದು ಕಾದಿಟ್ಟರು. ಎಲ್ಲರೂ ಕಾದಿಟ್ಟದ್ದು ವಿರಳವಾಗುವುದು ಎಂದಿಗೂ ಸಾಧ್ಯವಿಲ್ಲ. ಒಂದು ವೇಳೆ ಮುಂದೆಂದೋ ಬೆಲೆ ಏರುವುದಾದರೆ, ರಾಶಿಯಲ್ಲಿ ಒಂದು ಪಾಲು ಕರಗಿದರೆ ಮಾತ್ರ ಏರೀತು. ಹಾಗೆ ನೋಡಿದರೆ ಮೊಸಾಯಿಕ್ ಮಾಡುವವನು ನಿಮ್ಮ ಆಲ್ಬಮ್ಮಿಗೆ ಉಪಕಾರವನ್ನೇ ಮಾಡುತ್ತಿದ್ದಾನೆ.

ಹಾಗೆಂದು ಡಬ್ಬಿಯನ್ನು ಕಣ್ಣುಮುಚ್ಚಿ ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಕೌದಿ ಹೊಲಿಯುವಾಗ ಪೆಟ್ಟಿಗೆಯಲ್ಲಿಟ್ಟ ಇಳಕಲ್ ಸೀರೆಯನ್ನು ಕತ್ತರಿಸುವುದಿಲ್ಲ. ಉಟ್ಟು ಸವೆದದ್ದನ್ನು ಹರಿದು, ಗಟ್ಟಿ ಇರುವ ಭಾಗ ನೋಡಿ ತೇಪೆ ಮಾಡುತ್ತಾರೆ. ಇಲ್ಲೂ ಅದೇ ವಿವೇಕ ಬೇಕು, ಅದು ಬರಬೇಕಾದದ್ದು ನಿಮ್ಮಿಂದ. ಸ್ವಾತಂತ್ರ್ಯಪೂರ್ವದ ಯಾವ ಚೀಟಿಯೂ ಅಂಟಿನ ಹತ್ತಿರ ಹೋಗಬಾರದು. 1947ರ ನವೆಂಬರ್ 21ರ 'ಜೈ ಹಿಂದ್' ಚೀಟಿ, 1948ರ ಗಾಂಧಿ ಚೀಟಿಗಳು, 1949ರ ಪುರಾತತ್ವ ಸರಣಿಯ ಹೆಚ್ಚಿನ ಬೆಲೆಯವು ಹೋಗಬಾರದು. ಬಣ್ಣ ತಪ್ಪಿದ್ದು, ಹಲ್ಲು ತಪ್ಪಿದ್ದು, ನೀರುಗುರುತು ತಲೆಕೆಳಗಾದದ್ದು ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇಡಿಯಾಗಿ ಉಳಿದ ಲಕೋಟೆಗೆ ಯಾರೂ ಕತ್ತರಿ ಹಾಕಬಾರದು. ಎಲ್ಲಿಂದ ಹೊರಟು, ಯಾವ ದಾರಿಯಾಗಿ, ಯಾವ ದಿನ ಎಲ್ಲಿಗೆ ಮುಟ್ಟಿತೆಂಬ ದಾಖಲೆ ಇರುವುದು ಲಕೋಟೆಯಲ್ಲಿ. ಚೀಟಿ ಕಿತ್ತ ಕ್ಷಣ ಆ ದಾಖಲೆ ಅಳಿದುಹೋಗುತ್ತದೆ. ಚಿತ್ರಕಲಾ ಶಿಕ್ಷಕರಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಅಜ್ಜನ ಪೆಟ್ಟಿಗೆಯಿಂದ ಮಗುವೊಂದು ತಂದ ಹಳೆಯ ಲಕೋಟೆಗಳನ್ನು ಅವರು ಬಣ್ಣ ನೋಡಿ ಕತ್ತರಿಸಿಬಿಟ್ಟಾರು. ನೀವು ದೂರ ನಿಂತು ಮೂಗು ಮುರಿದರೆ ಆ ಅನಾಹುತ ತಪ್ಪುವುದಿಲ್ಲ. ಪಕ್ಕದಲ್ಲಿ ಕೂತು ವಿಂಗಡಿಸಿ ಕೊಟ್ಟರೆ ತಪ್ಪುತ್ತದೆ. ಚರಿತ್ರೆಯ ನಾಶದ ಬಗ್ಗೆ ನಿಜವಾದ ಕಳವಳವಿರುವವರು ಈ ಕೆಲಸದೊಳಗೆ ಇರಬೇಕಾದ ಕಾರಣ ಇದು.

ಎರಡನೆಯ ಆಕ್ಷೇಪ ಅಂಟಿನದು. ಅಂಟಿಸಿದ ಚೀಟಿ ಸತ್ತಂತೆ, ಮತ್ತೆ ಮರಳಿ ಬಾರದು ಎನ್ನುತ್ತಾರೆ. ಅದು ಯಾವ ಅಂಟು ಬಳಸಿದೆವು ಎಂಬುದರ ಮೇಲೆ ನಿಂತಿದೆ. ಫೆವಿಕಾಲ್‌ನಂಥ ಬಿಳಿ ಅಂಟು ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಪದರವಾಗುತ್ತದೆ, ಚೀಟಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೇಲೊಂದು ಕೋಟು ವಾರ್ನಿಷ್ ಬಳಿದರಂತೂ ಮುಗಿದೇ ಹೋಯಿತು. ಆದರೆ ಹಳೆಯ ಕಾಗದಪತ್ರಗಳ ಸಂರಕ್ಷಕರು ಬಳಸುವುದು ಗೋಧಿ ಪಿಷ್ಟದ ಅಂಟು ಅಥವಾ ಮೀಥೈಲ್ ಸೆಲ್ಯುಲೋಸ್. ನೀರು ಸೋಕಿಸಿದರೆ ಇವು ಬಿಡುತ್ತವೆ. ಹೀಗೆ ಅಂಟಿಸಿದ ಚೀಟಿಯನ್ನು ಕಲಾವಿದನಿಗೆ ಎರವಲು ಕೊಟ್ಟಂತೆ. ಮುಂದೆಂದಾದರೂ ಬೇಕೆನಿಸಿದರೆ ನೆನೆಸಿ ಬಿಡಿಸಿಕೊಳ್ಳಬಹುದು. ಬಿಡಿಸುವ ಕಲೆಯಲ್ಲಿ ನಿಮಗಿಂತ ಪಳಗಿದವರು ಯಾರು? ಉಗುರುಬೆಚ್ಚಗಿನ ನೀರು, ಚೀಟಿ ಮುಖ ಕೆಳಗೆ, ಇಪ್ಪತ್ತು ನಿಮಿಷದ ತಾಳ್ಮೆ, ತಾನಾಗಿ ಜಾರಿದಾಗಷ್ಟೇ ಚಿಮುಟ, ಆಮೇಲೆ ಒತ್ತುಕಾಗದದ ನಡುವೆ ಭಾರ. ಕೆಂಪು, ಹಸಿರು ಲಕೋಟೆಯ ತುಂಡುಗಳನ್ನು ಬೇರೆ ಬಟ್ಟಲಿಗೆ ಹಾಕದಿದ್ದರೆ ಲಕೋಟೆಯ ಬಣ್ಣ ಎಲ್ಲ ಚೀಟಿಗೂ ಹತ್ತುತ್ತದೆ. ಮೊಹರು ತೊಳೆದು ಮರುಬಳಕೆ ಮಾಡುವವರನ್ನು ತಡೆಯಲೆಂದೇ 1880ರ ದಶಕದಲ್ಲಿ ಬ್ರಿಟನ್ ನೀರಿಗೆ ಕರಗುವ ಶಾಯಿಯಲ್ಲಿ ಚೀಟಿ ಅಚ್ಚುಹಾಕಿಸಿದ್ದು ನಿಮಗೆ ನೆನಪಿರಬಹುದು, ಅಂಥವನ್ನು ನೆನೆಸಲೇಬಾರದು. ಈಚಿನ ದಶಕಗಳಲ್ಲಿ ಹಲವು ದೇಶಗಳು ತರುತ್ತಿರುವ ಸ್ವಯಂ ಅಂಟುವ ಚೀಟಿಗಳಲ್ಲಿ ಬಹಳಷ್ಟು ನೀರಿಗೆ ಬಿಡುವುದೇ ಇಲ್ಲ. ಅವನ್ನು ಹಿಂದಿನ ಕಾಗದದ ಸಮೇತ ಅಂಚಿಗೆ ಸರಿಯಾಗಿ ಕತ್ತರಿಸಬೇಕು. ಈ ವಿವರಗಳು ಯಾವ ಕಲಾಶಾಲೆಯ ಪಠ್ಯದಲ್ಲೂ ಇಲ್ಲ. ಕೃತಿ ಬಾಳುವುದೂ ಹಾಳಾಗುವುದೂ ಇಂಥ ವಿವರಗಳಿಂದಲೇ. ಕೃತಿ ಮುಗಿದ ಮೇಲೆ ಗಾಜಿನ ಚೌಕಟ್ಟು ಹಾಕಿ, ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಬೇಕೆಂದು ಹೇಳಬೇಕಾದವರೂ ನೀವೇ.

ಕಾನೂನಿನ ಭಯವೊಂದು ಅಲ್ಲಲ್ಲಿ ಕೇಳಿಬರುತ್ತದೆ: ಸರ್ಕಾರಿ ಚೀಟಿಯನ್ನು ಹೀಗೆಲ್ಲ ಬಳಸಬಹುದೇ? ಹಿಂದಿನ ಭಾರತೀಯ ದಂಡ ಸಂಹಿತೆ ನಿಷೇಧಿಸಿದ್ದದ್ದು, ಈಗಿನ ಭಾರತೀಯ ನ್ಯಾಯ ಸಂಹಿತೆ ನಿಷೇಧಿಸುವುದು, ಸರ್ಕಾರವನ್ನು ವಂಚಿಸುವ ಅಥವಾ ಅದಕ್ಕೆ ನಷ್ಟ ಉಂಟುಮಾಡುವ ಉದ್ದೇಶದಿಂದ ಬಳಸಿದ ಚೀಟಿಯನ್ನು ಮತ್ತೆ ಬಳಸುವುದನ್ನು, ಬಳಸಿದ ಗುರುತನ್ನು ಅಳಿಸುವುದನ್ನು. ಮೊಹರು ಎದ್ದು ಕಾಣುವಂತೆ ಹಲಗೆಗೆ ಅಂಟಿಸುವವನಿಗೆ ಆ ಉದ್ದೇಶವಿಲ್ಲವೆಂಬುದಕ್ಕೆ ಕೃತಿಯೇ ಸಾಕ್ಷಿ. ಇದಕ್ಕಿಂತ ಸೂಕ್ಷ್ಮವಾದದ್ದು ಗೌರವದ ಪ್ರಶ್ನೆ. ನಮ್ಮ ಚೀಟಿಗಳ ಮೇಲೆ ಗಾಂಧೀಜಿ ಇದ್ದಾರೆ, ಅಂಬೇಡ್ಕರ್ ಇದ್ದಾರೆ, ಸಂತರು, ದೇವರು, ದೇಗುಲಗಳಿವೆ. ಅವುಗಳನ್ನು ಕಣ್ಣು ಮೂಗು ನೋಡದೆ ಕತ್ತರಿಸಿದರೆ ನೋಡುವವರ ಮನಸ್ಸಿಗೆ ನೋವಾಗುವುದು ಸಹಜ, ಆ ಭಾವನೆಯನ್ನು ತಳ್ಳಿಹಾಕುವುದು ಸಲ್ಲದು. ಇದಕ್ಕೆ ಮೊಸಾಯಿಕ್ ಪದ್ಧತಿಯಲ್ಲೇ ಉತ್ತರವಿದೆ: ಚೀಟಿಯನ್ನು ತುಂಡರಿಸದೆ ಇಡಿಯಾಗಿ ಬಳಸುವುದು. ಬಣ್ಣದ ಚೂರು ಬೇಕಾದಲ್ಲಿ ಕೋಳಿಮರಿಯ, ಹತ್ತಿಯ, ಕೈಮಗ್ಗದ, ರಬ್ಬರ್ ಹಾಲು ಇಳಿಸುವ ಚಿತ್ರಗಳಿರುವ 1979ರ ನಂತರದ ಕೃಷಿ ಸರಣಿಯಂಥವನ್ನು ಕತ್ತರಿಸಬಹುದು. ಅವು ಎಲ್ಲರ ಡಬ್ಬಿಯಲ್ಲೂ ಧಾರಾಳವಾಗಿವೆ.

ಇನ್ನು ಕಲಾವಿದರೇ ಎತ್ತುವ ಪ್ರಶ್ನೆ: ಇದು ಕಲೆಯೋ ಕೈಕೆಲಸವೋ? ಕಾಗದದ ಚೂರುಗಳಿಂದ ಕಲೆ ಸಾಧ್ಯವೇ ಎಂಬ ಸಂದೇಹ ಬಗೆಹರಿದು ಎರಡು ಶತಮಾನ ಮೀರಿದೆ. ಮೇರಿ ಡಿಲೇನಿ ಎಂಬ ಇಂಗ್ಲಿಷ್ ಮಹಿಳೆ ಎಪ್ಪತ್ತು ದಾಟಿದ ಮೇಲೆ, 1772ರಲ್ಲಿ, ಬಣ್ಣದ ಕಾಗದ ಕತ್ತರಿಸಿ ಹೂಗಿಡಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸತೊಡಗಿದರು. ಅವುಗಳನ್ನು ಕರೆದದ್ದೇ ಕಾಗದದ ಮೊಸಾಯಿಕ್ ಎಂದು. ಅಂಥ 985 ಕೃತಿಗಳು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಮೊದಲ ಮಹಾಯುದ್ಧ ಮುಗಿದ ಜರ್ಮನಿಯಲ್ಲಿ ಕುರ್ಟ್ ಶ್ವಿಟ್ಟರ್ಸ್ ಟ್ರಾಮ್ ಟಿಕೆಟ್ಟು, ಹರಿದ ಲೇಬಲ್ಲು, ಬೀದಿಯ ಕಾಗದಗಳನ್ನು ಕೂಡಿಸಿ ಮಾಡಿದ ಕೊಲಾಜ್‌ಗಳು ಆಧುನಿಕ ಕಲೆಯ ಚರಿತ್ರೆಯ ಭಾಗ. ಆದರೆ ಅವರ ಹೆಸರು ಹೇಳಿದ ಮಾತ್ರಕ್ಕೆ ಚೀಟಿ ಅಂಟಿಸಿದ್ದೆಲ್ಲ ಕಲೆಯಾಗುವುದಿಲ್ಲ ಎಂಬುದನ್ನು ಒಪ್ಪಬೇಕು. ನಾವು ಸಾಮಾನ್ಯವಾಗಿ ನೋಡುವುದು ಭಾರತದ ನಕ್ಷೆ, ರಾಷ್ಟ್ರಧ್ವಜ, ನಾಯಕರೊಬ್ಬರ ಮುಖ. ಜೊತೆಗೆ ಇಷ್ಟು ಸಾವಿರ ಚೀಟಿ ಬಳಸಿದ್ದೇವೆಂಬ ಫಲಕ. ಅಂಥ ಕೃತಿಗೆ ನಾವು ಒಂದೇ ಪ್ರಶ್ನೆ ಹಾಕಬೇಕು: ಚೀಟಿಯ ಜಾಗದಲ್ಲಿ ಬಣ್ಣದ ಕಾಗದವಿದ್ದಿದ್ದರೆ ಏನು ಕಳೆದುಹೋಗುತ್ತಿತ್ತು? ಏನೂ ಕಳೆಯುತ್ತಿರಲಿಲ್ಲ ಎನ್ನುವುದಾದರೆ ಚೀಟಿ ವ್ಯರ್ಥವಾಯಿತು ಎಂದೇ ಅರ್ಥ. ಫಾಕ್ಸ್‌ಬರೋದ ಕೊಲಾಜ್‌ಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಗಿನ್ನೆಸ್ ದಾಖಲೆಗೆಂದು ಆತುರದಲ್ಲಿ ಮಾಡಿದ್ದು ಆಗುವುದಿಲ್ಲ.

ಚೀಟಿಯೇ ಬೇಕಾಗುವ ಕೃತಿ ಹೇಗಿರಬಹುದೆಂದು ಯೋಚಿಸಿ. ಕಾವೇರಿಯ ಹರಿವನ್ನು ಮೊಸಾಯಿಕ್ ಮಾಡುವುದಿದ್ದರೆ, ನದಿಯ ಒಂದೊಂದು ತಿರುವಿಗೂ ಆ ದಡದ ಊರಿನ ಅಂಚೆ ಕಚೇರಿಯ ಮೊಹರು ಬಿದ್ದ ಚೀಟಿಯನ್ನೇ ಇಡಬಹುದು: ಕುಶಾಲನಗರ, ಶ್ರೀರಂಗಪಟ್ಟಣ, ತಿರುಮಕೂಡಲು ನರಸೀಪುರ, ತಲಕಾಡು, ಮುಂದೆ ಈರೋಡು, ತಿರುಚಿರಾಪಳ್ಳಿ. ದೂರದಿಂದ ನೋಡಿದರೆ ನದಿ, ಹತ್ತಿರ ಬಂದು ಓದಿದರೆ ಊರುಗಳು. ಮಲೆನಾಡಿನ ತೋಟವೊಂದನ್ನು 4 ಪೈಸೆಯ ಕಾಫಿ ಹಣ್ಣಿನ ಚೀಟಿಗಳಿಂದ, ಬೀದರಿನ ಕೋಟೆಗೋಡೆಯನ್ನು 2 ಪೈಸೆಯ ಬಿದರಿ ಹೂದಾನಿಯಿಂದ, ಹಂಪಿಯ ಬಂಡೆಗಳನ್ನು 70 ಪೈಸೆಯ ಕಲ್ಲಿನ ರಥದಿಂದ ಕಟ್ಟಬಹುದು. ಇವು ಬಣ್ಣದ ಕಾಗದದಿಂದ ಆಗುವ ಕೆಲಸವಲ್ಲ. ಮುಖ್ಯವಾಗಿ, ಕಲಾವಿದನೊಬ್ಬನಿಂದಲೇ ಆಗುವ ಕೆಲಸವೂ ಅಲ್ಲ. ಚೀಟಿಯ ಮೇಲೆ ಬಿದ್ದಿರುವುದು ಮೊಹರಿನ ಒಂದು ಕಾಲುಭಾಗ. ಮಸುಕಾದ ಎರಡು ಮೂರು ಅಕ್ಷರ ನೋಡಿ ಅದು ಯಾವ ಊರೆಂದು ಹೇಳುವ ಕಣ್ಣು ನಿಮ್ಮದು. ಯಾವ ಚಿತ್ರ ಯಾವ ಸರಣಿಯದು, ಯಾವ ಬೆಲೆಯ ಚೀಟಿ ಯಾವ ಕಾಲದ ಅಂಚೆ ದರಕ್ಕೆ ಸೇರಿದ್ದು ಎಂದು ಹೇಳುವವರು ನೀವು. ಈ ಕಲೆ ಇಂದು ಸೊರಗಿ ಕಾಣುತ್ತಿದ್ದರೆ ಅದಕ್ಕೆ ಕಲ್ಪನೆಯ ಬಡತನ ಅರ್ಧ ಕಾರಣ; ಚೀಟಿ ಬಲ್ಲವರು ಅದರಿಂದ ದೂರ ಉಳಿದದ್ದು ಇನ್ನರ್ಧ.

ಮಕ್ಕಳಿಗೆ ಅಂಟಿಸುವ ಚಟ ಹತ್ತಿಸಿದರೆ ಅವರು ನಿಜವಾದ ಸಂಗ್ರಹಕ್ಕೆ ಬರುವುದಿಲ್ಲ ಎಂಬುದು ಕೊನೆಯ ಆಕ್ಷೇಪ. ಅಂಚೆ ಇಲಾಖೆ 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಯೋಜನೆ ತಂದು, 6ರಿಂದ 9ನೇ ತರಗತಿಯ ಆಯ್ದ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಅದಕ್ಕೆ ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇರಬೇಕು, ಇಲ್ಲವೇ ಮಗುವಿನ ಹೆಸರಿನಲ್ಲಿ ಫಿಲಾಟೆಲಿ ಖಾತೆ ಇರಬೇಕು. ಒಳ್ಳೆಯ ಯೋಜನೆಯೇ, ಆದರೆ ಮನೆಗೆ ಒಂದೂ ಪತ್ರ ಬಾರದ ಮಗುವಿಗೆ ಚೀಟಿಯ ಪರಿಚಯವಾಗುವುದು ಎಲ್ಲಿ? ಸಂಗ್ರಹ ಶುರುವಾಗಬೇಕಾದರೆ ಮೊದಲು ಕೈತುಂಬ ಚೀಟಿ ಸಿಗಬೇಕು, ಕೆಡಿಸುವ ಭಯವಿಲ್ಲದೆ ಮುಟ್ಟಬೇಕು. ಡಬ್ಬಿಯ ರಾಶಿಯನ್ನು ಬಣ್ಣದ ಪ್ರಕಾರ ವಿಂಗಡಿಸಲು ಕೂತ ಮಗು ಒಂದು ಗಂಟೆಯಲ್ಲಿ ನೂರಾರು ಚೀಟಿಗಳನ್ನು ಕಣ್ಣಿಟ್ಟು ನೋಡುತ್ತದೆ. ನೇರಳೆ ಬಣ್ಣಕ್ಕಾಗಿ ಹುಡುಕುವಾಗ ವಿಮಾನ ಸಿಗುತ್ತದೆ, ವಿಮಾನದ ಹೆಸರು ಕೇಳುತ್ತದೆ, ಒಂದು ಚೀಟಿಯನ್ನು ಅಂಟಿಸದೆ ಜೇಬಿಗೆ ಹಾಕಿಕೊಳ್ಳುತ್ತದೆ. ಆ ಜೇಬಿಗೆ ಹೋದ ಚೀಟಿಯೇ ಅದರ ಆಲ್ಬಮ್ಮಿನ ಮೊದಲ ಪುಟ.

ಈ ಎಲ್ಲ ಮಾತಿಗೆ ಅವಸರದ ಕಾರಣವೂ ಒಂದಿದೆ. ಹೊಸ ಬಳಸಿದ ಚೀಟಿ ಹುಟ್ಟುವ ಮೂಲವೇ ಬತ್ತುತ್ತಿದೆ. ನಮ್ಮಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಕೌಂಟರಿನಲ್ಲಿ ಈಗ ಲಕೋಟೆಗೆ ಹತ್ತುವುದು ಕಂಪ್ಯೂಟರಿನಿಂದ ಬಂದ ಬಾರ್‌ಕೋಡ್ ಲೇಬಲ್ಲು. ಡೆನ್ಮಾರ್ಕಿನಲ್ಲಂತೂ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಕೊನೆಗೆ ಪತ್ರ ಬಟವಾಡೆಯನ್ನೇ ಕೈಬಿಟ್ಟಿತು. ಚೀಟಿ ಬತ್ತುತ್ತಿರುವಾಗ ಇರುವುದನ್ನೂ ಖರ್ಚು ಮಾಡುವುದೇ ಎಂದು ನೀವು ಕೇಳಬಹುದು. ಆದರೆ ಇರುವುದು ಎಲ್ಲಿದೆ, ಅದರ ಮುಂದಿನ ಗತಿ ಏನು ಎಂಬುದನ್ನೂ ಕೇಳಿಕೊಳ್ಳಿ. ಅದು ನಿಮ್ಮ ಡಬ್ಬಿಯಲ್ಲಿದೆ. ನಿಮ್ಮ ನಂತರ ಆಲ್ಬಮ್ಮನ್ನು ಮಕ್ಕಳು ಯಾರಾದರೂ ವ್ಯಾಪಾರಿಗೆ ತೋರಿಸಿಯಾರು, ಡಬ್ಬಿಯನ್ನು ತೋರಿಸುವುದಿಲ್ಲ. ಹಳೆಯ ಪೇಪರಿನ ಕಟ್ಟಿನ ಜೊತೆ ರದ್ದಿ ಅಂಗಡಿಯ ತಕ್ಕಡಿಗೆ ಹೋಗುತ್ತದೆ. ಅಲ್ಲದಿದ್ದರೆ ಮುಗ್ಗಲು ಹಿಡಿದು, ಒಂದಕ್ಕೊಂದು ಅಂಟಿಕೊಂಡು, ಬೆಳ್ಳಿಮೀನು ಹುಳುವಿಗೆ ಆಹಾರವಾಗುತ್ತದೆ. ಡಬ್ಬಿಯಲ್ಲೇ ಇಟ್ಟರೆ ಚೀಟಿ ಉಳಿಯುತ್ತದೆಂಬುದು ನಮ್ಮ ಭ್ರಮೆ. ಗಾಜಿನ ಚೌಕಟ್ಟಿನೊಳಗೆ, ನೀರಿಗೆ ಬಿಡುವ ಅಂಟಿನ ಮೇಲೆ, ಶಾಲೆಯದೋ ಗ್ರಂಥಾಲಯದ್ದೋ ಗೋಡೆಯಲ್ಲಿ ಇದ್ದರೆ ಅದು ಉಳಿಯುವ ಸಂಭವ ಹೆಚ್ಚು. ನೋಡುವ ಕಣ್ಣುಗಳಂತೂ ಖಂಡಿತ ಹೆಚ್ಚು.

ಆದ್ದರಿಂದ ನಿಮ್ಮಲ್ಲಿ ಮೂರು ಬಿನ್ನಹ. ಒಂದು, ಡಬ್ಬಿಯನ್ನು ಒಮ್ಮೆ ಸುರಿದು ನೋಡಿ. ಇಡಬೇಕಾದದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಬಣ್ಣದ ಪ್ರಕಾರ ಲಕೋಟೆಗಳಿಗೆ ಹಾಕಿ ಹತ್ತಿರದ ಸರ್ಕಾರಿ ಶಾಲೆಯ ಚಿತ್ರಕಲಾ ಶಿಕ್ಷಕರಿಗೆ ಕೊಡಿ. ಎರಡು, ಕೊಟ್ಟು ಬಂದುಬಿಡಬೇಡಿ. ಒಂದು ಮಧ್ಯಾಹ್ನ ಕೂತು ಯಾವುದನ್ನು ಕತ್ತರಿಸಬಾರದು, ಹೇಗೆ ನೆನೆಸಬೇಕು, ಯಾವ ಅಂಟು ಹಾಕಬೇಕೆಂದು ತೋರಿಸಿಕೊಡಿ. ಮೂರು, ನಿಮ್ಮ ಸಂಘಗಳು ನಡೆಸುವ ಪ್ರದರ್ಶನಗಳಲ್ಲಿ ಸ್ಪರ್ಧೆಯ ಚೌಕಟ್ಟುಗಳಿಂದ ಹೊರಗೆ, ಕೊಲಾಜ್ ಮತ್ತು ಮೊಸಾಯಿಕ್‌ಗೆಂದು ಒಂದು ಗೋಡೆ ಬಿಡಿ. ಪದಕ ಬೇಡ, ಅಂಕ ಬೇಡ, ಗೋಡೆ ಸಾಕು. ಅಕ್ಟೋಬರ್ 9 ವಿಶ್ವ ಅಂಚೆ ದಿನ, ಆ ವಾರವಿಡೀ ರಾಷ್ಟ್ರೀಯ ಅಂಚೆ ಸಪ್ತಾಹ. ಬರುವ ಅಕ್ಟೋಬರಿನೊಳಗೆ ಒಂದೊಂದು ಜಿಲ್ಲೆಯಿಂದ ಒಂದೊಂದು ಡಬ್ಬಿ ಶಾಲೆಗೆ ತಲುಪಿದರೂ ಕೆಲಸ ಶುರುವಾದಂತೆ. ದಯವಿಟ್ಟು ಡಬ್ಬಿಯ ಮುಚ್ಚಳ ತೆಗೆಯಿರಿ.


ನಿಮ್ಮ ಹಿತೈಷಿ